ವಾದಕ ಬೇಡವೆಂದವರ ಸಂಗೀತ

1929ರ ಶರತ್ಕಾಲ. ಲೆನಿನ್‌ಗ್ರಾಡ್ ನಗರದಲ್ಲಿ ಸೋವಿಯತ್ ದೇಶದ ಮೊದಮೊದಲ ಮಾತಿನ ಚಿತ್ರಗಳಲ್ಲೊಂದು ತಯಾರಾಗುತ್ತಿತ್ತು. ಪಂಚವಾರ್ಷಿಕ ಯೋಜನೆಯ ಬಗ್ಗೆ ಅಬ್ರಾಮ್ ರೂಮ್ ನಿರ್ದೇಶಿಸುತ್ತಿದ್ದ ಚಿತ್ರ ಅದು. ಶಬ್ದಗ್ರಹಣಕ್ಕೆ ಬಳಸಿದ್ದು ಅಲೆಕ್ಸಾಂಡರ್ ಶೋರಿನ್ ಎಂಬ ಎಂಜಿನಿಯರ್ ರೂಪಿಸಿದ ದೇಶೀ ವ್ಯವಸ್ಥೆ. ಈ ಕೆಲಸಕ್ಕೆ ಸೇರಿದವರಲ್ಲಿ ಸಂಯೋಜಕ ಆರ್ಸೆನಿ ಅವ್ರಾಮೊವ್, ಸಂಗೀತ ಬಲ್ಲ ಸಂಶೋಧಕ ಯೆವ್ಗೆನಿ ಶೋಲ್ಪೊ ಮತ್ತು ಅನಿಮೇಷನ್ ಕಲಾವಿದ ಮಿಖಾಯಿಲ್ ತ್ಸೆಖನೋವ್‌ಸ್ಕಿ ಇದ್ದರು. ಸಂಸ್ಕರಿಸಿ ಬಂದ ಮೊದಲ ರೀಲುಗಳಲ್ಲಿ ಶಬ್ದಪಟ್ಟಿಯ ಅಲೆಅಲೆಯಾದ ವಿನ್ಯಾಸ ಕಂಡು ತ್ಸೆಖನೋವ್‌ಸ್ಕಿಗೆ ಒಂದು ಕುತೂಹಲ ಹುಟ್ಟಿತು. ಈ ಜಾಗದಲ್ಲಿ ಪ್ರಾಚೀನ ಈಜಿಪ್ಟಿನದೋ ಗ್ರೀಸಿನದೋ ಅಲಂಕಾರದ ಬಳ್ಳಿಯನ್ನು ಬರೆದರೆ, ಇದುವರೆಗೆ ಯಾರೂ ಕೇಳದ ಪುರಾತನ ಸಂಗೀತವೊಂದು ಕೇಳಿಸೀತೇ?

ಮಾತು ತಮಾಷೆಯದಾಗಿ ಕಂಡರೂ ಅದರ ಹಿಂದಿನ ತಂತ್ರ ಗಟ್ಟಿಯಾಗಿತ್ತು. ಸಿನಿಮಾ ಡಿಜಿಟಲ್ ಆಗುವ ಮುಂಚೆ ಟಾಕೀಸಿನ ಹಿಂದೆ ರೀಲಿನ ತುಂಡು ಆಯ್ದುಕೊಂಡವರಿಗೆ ಆ ಪಟ್ಟಿಯ ಪರಿಚಯವಿದೆ. ಚಿತ್ರಕ್ಕೂ ಅಂಚಿನ ರಂಧ್ರಗಳ ಸಾಲಿಗೂ ನಡುವೆ ಸಣ್ಣದಾಗಿ ಓಡುವ ಗೆರೆ ಅದು. ಮೈಕ್ ಹಿಡಿದ ಶಬ್ದ ವಿದ್ಯುತ್ತಾಗಿ, ವಿದ್ಯುತ್ತು ಬೆಳಕಿನ ಏರಿಳಿತವಾಗಿ, ಬೆಳಕು ಫಿಲ್ಮಿನ ಮೇಲೆ ಕಪ್ಪು-ಬಿಳುಪಿನ ಆಕಾರವಾಗಿ ಉಳಿಯುತ್ತದೆ. ಪ್ರದರ್ಶನದ ವೇಳೆ ಇದೇ ದಾರಿ ಹಿಮ್ಮುಖವಾಗುತ್ತದೆ: ಆ ಆಕಾರದ ಮೂಲಕ ಹಾಯ್ದ ಬೆಳಕು ಫೋಟೋಸೆಲ್ ಮೇಲೆ ಬಿದ್ದು ಮತ್ತೆ ವಿದ್ಯುತ್ತಾಗಿ, ಸ್ಪೀಕರಿನಲ್ಲಿ ಶಬ್ದವಾಗುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ 35 ಮಿಲಿಮೀಟರ್ ಫಿಲ್ಮು ಸುಮಾರು 456 ಮಿಲಿಮೀಟರ್ ಮುಂದೆ ಸರಿಯುತ್ತದೆ. 440 ಕಂಪನಗಳ ಸ್ವರ ಬೇಕಾದರೆ ಅಷ್ಟು ಉದ್ದದಲ್ಲಿ 440 ಅಲೆಗಳಿರಬೇಕು. ಅಂದರೆ ಒಂದು ಅಲೆಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗ. ಆ ಅಲೆ ಪಿಟೀಲಿನಿಂದ ಬಂತೋ ಪೆನ್ಸಿಲಿನಿಂದ ಬಂತೋ ಎಂಬುದು ಫೋಟೋಸೆಲ್ಲಿಗೆ ತಿಳಿಯುವುದಿಲ್ಲ.

ಈ ಯೋಚನೆಗೆ ಅವ್ರಾಮೊವ್ ಮತ್ತು ಶೋಲ್ಪೊ ಬಹಳ ಹಿಂದಿನಿಂದಲೇ ಸಿದ್ಧರಾಗಿದ್ದರು. ಕ್ರಾಂತಿಯ ವರ್ಷವಾದ 1917ರಲ್ಲಿ ಇಬ್ಬರೂ ಗಣಿತಜ್ಞ ಸೆರ್ಗೆಯ್ ದಿಯಾನಿನ್ ಜೊತೆ ಸೇರಿ ಪೆಟ್ರೋಗ್ರಾಡಿನಲ್ಲಿ ಲಿಯೊನಾರ್ಡೊ ಡ ವಿಂಚಿಯ ಹೆಸರಿನಲ್ಲಿ ಒಂದು ಸಂಘ ಕಟ್ಟಿದ್ದರು. ಸಂಗೀತವನ್ನು ವಿಜ್ಞಾನದ ತಳಹದಿಯ ಮೇಲೆ ನಿಲ್ಲಿಸುವುದು ಅದರ ಗುರಿ. ಆ ದಿನಗಳಲ್ಲೇ ಶೋಲ್ಪೊ ‘ಸಂಗೀತದ ಶತ್ರು’ ಎಂಬ ಕಾಲ್ಪನಿಕ ಬರಹವನ್ನೂ ಬರೆದ. ಗೆರೆಗಳಲ್ಲಿ ಬರೆದ ಸ್ವರಲಿಪಿಯನ್ನು ತಾನೇ ಓದಿ, ಯಾವ ವಾದಕನ ನೆರವೂ ಇಲ್ಲದೆ ನುಡಿಯುವ ಯಂತ್ರವೊಂದು ಅದರ ನಾಯಕ. ಸಂಯೋಜಕನಿಗೂ ಕೇಳುಗನಿಗೂ ನಡುವೆ ಮೂರನೆಯವನು ಇರಕೂಡದು ಎಂಬುದು ಶೋಲ್ಪೊನ ಹಟ.

ಅವ್ರಾಮೊವ್‌ಗೆ ಸಿಟ್ಟಿದ್ದುದು ವಾದ್ಯದ ಮೇಲೆ. ಸಪ್ತಕವನ್ನು 12 ಸಮಭಾಗ ಮಾಡಿ ಕಿವಿಯನ್ನು ಆ ಚೌಕಟ್ಟಿಗೆ ಒಗ್ಗಿಸಿದ ಪಿಯಾನೊ ಆತನ ಪಾಲಿಗೆ ದೊಡ್ಡ ಅಪರಾಧಿ. ನಮ್ಮ ಸಂಗೀತಗಾರರು ಹಾರ್ಮೋನಿಯಂ ಮೇಲೆ ಹೊರಿಸುತ್ತ ಬಂದ ದೂರಿಗಿಂತ ಇದು ತೀರಾ ಬೇರೆಯಲ್ಲ. ಪಿಯಾನೊಗಳನ್ನೆಲ್ಲ ಸುಟ್ಟುಹಾಕಬೇಕೆಂಬ ಪ್ರಸ್ತಾಪವನ್ನು ಆತ ಶಿಕ್ಷಣ ಸಚಿವ ಲುನಾಚಾರ್ಸ್ಕಿಯ ಮುಂದಿಟ್ಟಿದ್ದ. 1922ರ ನವೆಂಬರ್ 7ರಂದು, ಕ್ರಾಂತಿಯ ಐದನೇ ವಾರ್ಷಿಕೋತ್ಸವದಲ್ಲಿ, ಬಾಕು ನಗರವನ್ನೇ ವಾದ್ಯವಾಗಿಸಿದ. ಕಾರ್ಖಾನೆಗಳ ಸೈರನ್, ಹಡಗುಗಳ ಕೊಂಬು, ಫಿರಂಗಿ, ಮೆಷಿನ್‌ಗನ್, ಉಗಿಯಿಂದ ಊದುವ ಸೀಟಿಗಳು, ಜನರ ಸಮೂಹಗಾನ ಎಲ್ಲವೂ ಆ ‘ಸೈರನ್‌ಗಳ ಸಿಂಫನಿ’ಯಲ್ಲಿ ಸೇರಿದವು. ಬಾವುಟ ಬೀಸಿ ಇಡೀ ಊರಿಗೆ ತಾಳ ತೋರಿಸಲಾಯಿತು.

ಬಾಕುವಿನ ಗದ್ದಲಕ್ಕೂ ಶಬ್ದಪಟ್ಟಿಯ ಮೌನಕ್ಕೂ ನಡುವೆ ನೇರ ನಂಟಿದೆ. ಸೈರನ್ನು ಎಷ್ಟೇ ದೊಡ್ಡದಾದರೂ ಅದರ ಸ್ವರ ಅದರದೇ. ಶಬ್ದಪಟ್ಟಿಯ ಮೇಲಾದರೆ ಬೇಕಾದ ಸ್ವರವನ್ನು, ಬೇಕಾದ ನಾದದ ಬಣ್ಣದಲ್ಲಿ ಗೆರೆ ಎಳೆದೇ ಪಡೆಯಬಹುದು. 1930ರಲ್ಲಿ ಅವ್ರಾಮೊವ್ ಮಾಸ್ಕೋದಲ್ಲಿ ‘ಮುಲ್ತ್‌ಜ್ವುಕ್’ ಎಂಬ ಗುಂಪು ಕಟ್ಟಿದ. ಅನಿಮೇಷನ್ ಶಬ್ದ ಎಂಬರ್ಥದ ಹೆಸರು ಅದು. ಕಾಗದದ ಮೇಲೆ ತ್ರಿಕೋನ, ವೃತ್ತ, ವಕ್ರರೇಖೆಗಳನ್ನು ದೊಡ್ಡದಾಗಿ ಬರೆದು, ಅನಿಮೇಷನ್ ಕ್ಯಾಮೆರಾದ ಕೆಳಗಿಟ್ಟು, ಕುಗ್ಗಿಸಿ ಫಿಲ್ಮಿನ ಅಂಚಿಗೆ ಇಳಿಸುವುದು ಅವರ ವಿಧಾನ. ಅದೇ ಗುಂಪಿನಿಂದ ಬಂದ ನಿಕೊಲಾಯ್ ವೊಯಿನೊವ್ ಬರೆಯುವುದನ್ನು ಬಿಟ್ಟು ಕತ್ತರಿ ಹಿಡಿದ. ಒಂದೊಂದು ಸ್ವರಕ್ಕೂ ಹಲ್ಲುಗಳಿರುವ ಕಾಗದದ ಬಾಚಣಿಗೆ ಕತ್ತರಿಸಿಟ್ಟು, ಅವನ್ನು ಅಚ್ಚಿನ ಮೊಳೆ ಜೋಡಿಸಿದಂತೆ ಜೋಡಿಸಿ ರಹ್ಮಾನಿನೊವ್‌ನ ಪ್ರಿಲ್ಯೂಡ್ ಒಂದನ್ನು ನುಡಿಸಿದ. ಜರ್ಮನಿಯಲ್ಲಿ ರುಡಾಲ್ಫ್ ಫೆನ್ನಿಂಗರ್ ಮತ್ತು ಆಸ್ಕರ್ ಫಿಶಿಂಗರ್ ಕೂಡ ಅದೇ ವರ್ಷಗಳಲ್ಲಿ ಇಂಥದೇ ಪ್ರಯೋಗದಲ್ಲಿ ತೊಡಗಿದ್ದರು.

ಲೆನಿನ್‌ಗ್ರಾಡಿನಲ್ಲಿ ಶೋಲ್ಪೊ ಹಿಡಿದದ್ದು ಯಂತ್ರದ ದಾರಿ. ಪ್ರಸಿದ್ಧ ಸಂಯೋಜಕನ ಮೊಮ್ಮಗ ಗಿಯೋರ್ಗಿ ರಿಮ್‌ಸ್ಕಿ-ಕೊರ್ಸಾಕೊವ್ ನೆರವಿನಿಂದ 1930-31ರಲ್ಲಿ ರೂಪುಗೊಂಡ ಆ ಯಂತ್ರದ ಹೆಸರು ವೇರಿಯೊಫೋನ್. ಅಂಚಿನಲ್ಲಿ ಹಲ್ಲು ಕತ್ತರಿಸಿದ ರಟ್ಟಿನ ಬಿಲ್ಲೆ ತಿರುಗುತ್ತ ಬೆಳಕಿನ ಕಿರಣವನ್ನು ತಡೆತಡೆದು ಬಿಡುತ್ತಿತ್ತು. ಓಡುವ ಫಿಲ್ಮಿನ ಮೇಲೆ ಅದರ ನೆರಳು ಅಲೆಯಾಗಿ ಬೀಳುತ್ತಿತ್ತು. ಹಲ್ಲಿನ ಆಕಾರ ಬದಲಾದರೆ ನಾದ ಬದಲಾಗುತ್ತಿತ್ತು, ತಿರುಗುವ ವೇಗ ಬದಲಾದರೆ ಸ್ವರ. ವಾಗ್ನರ್‌ನ ‘ವಾಲ್ಕಿರಿಗಳ ಸವಾರಿ’ ಈ ಬಿಲ್ಲೆಗಳಿಂದ ಹೊರಟಿತು, ‘ಕಾರ್ಬ್ಯುರೇಟರ್ ಸೂಟ್’ ಎಂಬ ಹೊಸ ಕೃತಿಯೂ ಹೊರಟಿತು.

ಶೋಲ್ಪೊ ಇದಕ್ಕೂ ಮುಂಚೆ ಮಾಡಿದ್ದ ಕೆಲಸ ಇಲ್ಲಿ ಮುಖ್ಯವಾಗುತ್ತದೆ. 1920ರ ದಶಕದಲ್ಲಿ ಆತ ಪಿಯಾನೊ ವಾದಕರ ನುಡಿಸಾಣಿಕೆಯನ್ನು ಅಳೆಯುತ್ತಿದ್ದ. ಕಲಾವಿದ ಎಲ್ಲಿ ಕ್ಷಣಕಾಲ ತಡೆಯುತ್ತಾನೆ, ಎಲ್ಲಿ ಓಡುತ್ತಾನೆ, ಯಾವ ಸ್ವರಕ್ಕೆ ಒತ್ತು ಕೊಡುತ್ತಾನೆ ಎಂಬುದನ್ನು ಉಪಕರಣದಿಂದ ದಾಖಲಿಸಿ ಲೆಕ್ಕಕ್ಕೆ ಇಳಿಸುತ್ತಿದ್ದ. ತಾಳಕ್ಕೆ ಸರಿಯಾಗಿ ಕುಟ್ಟುವ ಯಂತ್ರದಿಂದ ಸಂಗೀತ ಹುಟ್ಟದು ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ವಾದಕನನ್ನು ಬಿಡುವ ಮೊದಲು ಆತನ ಕೈಯಲ್ಲಿದ್ದುದನ್ನೆಲ್ಲ ಕಲಿಯಬೇಕಾಯಿತು.

ಮುಲ್ತ್‌ಜ್ವುಕ್ ಗುಂಪಿನಲ್ಲಿದ್ದ ಬೋರಿಸ್ ಯಾಂಕೊವ್‌ಸ್ಕಿ ಇನ್ನೂ ಆಳಕ್ಕೆ ಹೋದ. ಗೆರೆಯ ಅಂದಕ್ಕೂ ನಾದದ ಅಂದಕ್ಕೂ ಸಂಬಂಧವಿಲ್ಲ ಎಂಬುದು ಆತನ ತಕರಾರು. ಒಂದು ನಾದವೆಂದರೆ ಅನೇಕ ಶುದ್ಧ ಸ್ವರಗಳ ಕೂಟ; ಆ ಕೂಟವನ್ನು ಬಿಡಿಸಿ ನೋಡಿ, ಬೇಕಾದಂತೆ ಮತ್ತೆ ಕಟ್ಟಬೇಕು ಎಂದು ಆತ ವಾದಿಸಿದ. ಮುಂದೆ ಕಂಪ್ಯೂಟರ್ ಸಂಗೀತ ಹಿಡಿದ ದಾರಿಗಳಲ್ಲಿ ಇದೂ ಒಂದು. ಯಾಂಕೊವ್‌ಸ್ಕಿ ಅದನ್ನು 1930ರ ದಶಕದಲ್ಲಿ ಫಿಲ್ಮು, ಬೆಳಕು ಮತ್ತು ಕೈಲೆಕ್ಕದಿಂದ ಮಾಡಲು ಹೊರಟಿದ್ದ.

ಆದರೆ ಇವರ ವಾದ್ಯಗಳನ್ನು ಮನೆಯ ಮೂಲೆಯಲ್ಲಿಟ್ಟು ಸಂಜೆ ಹೊತ್ತು ನುಡಿಸುವಂತಿರಲಿಲ್ಲ. ಕ್ಯಾಮೆರಾ, ಫಿಲ್ಮು, ಸಂಸ್ಕರಣೆ, ಪ್ರೊಜೆಕ್ಟರ್ ಎಲ್ಲವೂ ಸರ್ಕಾರದ ಸಿನಿಮಾ ಸಂಸ್ಥೆಗಳ ಕೈಯಲ್ಲಿದ್ದವು. ಸಂಸ್ಥೆಗೆ ಆಸಕ್ತಿ ಇರುವಷ್ಟು ದಿನ ಸಂಗೀತವಿತ್ತು. ಅವ್ರಾಮೊವ್‌ನ ಪ್ರಯೋಗಾಲಯ ಸಂಸ್ಥೆಯಿಂದ ಸಂಸ್ಥೆಗೆ ಅಲೆದು 1934ರಲ್ಲಿ ಮುಚ್ಚಿತು. 1936ರ ಜನವರಿಯಲ್ಲಿ ‘ಪ್ರಾವ್ದಾ’ ಪತ್ರಿಕೆ ಶೊಸ್ತಕೋವಿಚ್‌ನ ಆಪೆರಾವನ್ನು ಹೀಗಳೆದ ಮೇಲೆ ಹೊಸ ಶಬ್ದ ಹುಡುಕುವವರ ಮೇಲಿನ ಅನುಮಾನ ಬಹಿರಂಗವಾಯಿತು. ಅವ್ರಾಮೊವ್‌ನ ಫಿಲ್ಮುಗಳನ್ನು ನಾಶಮಾಡಲು ಮಾತ್ರ ಯಾವ ಆದೇಶವೂ ಬೇಕಾಗಲಿಲ್ಲ. ಮನೆಯಲ್ಲಿಟ್ಟಿದ್ದ ನೈಟ್ರೇಟ್ ಫಿಲ್ಮು ಸಿಡಿಮದ್ದಿನಂತೆ ಉರಿಯುವ ವಸ್ತು. 1936-37ರ ಹೊತ್ತಿಗೆ ಆತನ ಗಂಡುಮಕ್ಕಳು ಅದರಿಂದ ಆಟದ ರಾಕೆಟ್ಟು, ಹೊಗೆಪರದೆ ಮಾಡಿ ಸುಟ್ಟುಬಿಟ್ಟರು. ಪಿಯಾನೊ ಸುಡಲು ಹೊರಟವನ ಸಂಗೀತ ಹೀಗೆ ಹೊಗೆಯಾಯಿತು. ಅವ್ರಾಮೊವ್ 1944ರಲ್ಲಿ ತೀರಿಕೊಂಡ. ವೇರಿಯೊಫೋನ್ ಯುದ್ಧದಲ್ಲಿ ಹಾಳಾಯಿತು. ಶೋಲ್ಪೊ ಯುದ್ಧದ ನಂತರ ಮತ್ತೆ ಕೆಲಸಕ್ಕೆ ಕೂತನಾದರೂ 1951ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಟೇಪ್ ರೆಕಾರ್ಡರ್ ಬಂದಿತ್ತು. ಫಿಲ್ಮಿನ ಅಂಚಿನಲ್ಲಿ ಗೆರೆ ಎಳೆಯುವುದು ಹಳೆಯ ಕಸುಬಾಗಿತ್ತು. ಇವರು ನುಡಿಸಿದ್ದನ್ನು ಮತ್ತೊಬ್ಬರ ಕೈ ಕಲಿತಿರಲಿಲ್ಲ. ಕಲಿಯುವ ಕೈ ಇರಕೂಡದೆಂಬುದೇ ಇವರ ಪ್ರಯೋಗದ ಮೂಲವಾಗಿತ್ತು.

ಇದೇ ಕಾಲದ ಇನ್ನೊಂದು ವಾದ್ಯದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪೆಟ್ರೋಗ್ರಾಡಿನ ಭೌತವಿಜ್ಞಾನ ಸಂಸ್ಥೆಯಲ್ಲಿ ಅನಿಲಗಳ ಗುಣ ಅಳೆಯುತ್ತಿದ್ದ ಲೆವ್ ತೆರ್ಮೆನ್ 1920ರ ಸುಮಾರಿಗೆ ಕಂಡುಕೊಂಡದ್ದು ಮುಟ್ಟದೆ ನುಡಿಸುವ ವಾದ್ಯ. ಎರಡು ಆಂಟೆನಾಗಳ ಬಳಿ ಕೈ ಆಡಿಸಿದರೆ ಒಂದು ಸ್ವರವನ್ನೂ ಇನ್ನೊಂದು ಅದರ ಏರುದನಿ ಇಳಿದನಿಯನ್ನೂ ಹಿಡಿಯುತ್ತದೆ. 1922ರಲ್ಲಿ ಕ್ರೆಮ್ಲಿನ್‌ನಲ್ಲಿ ಲೆನಿನ್ ಅದನ್ನು ನೋಡಿ ತಾನೂ ಕೈ ಆಡಿಸಿದ. ತೆರ್ಮೆನ್ ಅಮೆರಿಕಕ್ಕೆ ಹೋದ, 1938ರಲ್ಲಿ ಮರಳಿದ, ಮರುವರ್ಷ ಬಂಧಿತನಾಗಿ ಕೊಲಿಮಾ ಶಿಬಿರ ಕಂಡ. ನಂತರ ಕೈದಿ ವಿಜ್ಞಾನಿಗಳ ಪ್ರಯೋಗಾಲಯದಲ್ಲಿ ಗುಪ್ತಚರರಿಗಾಗಿ ಕದ್ದಾಲಿಸುವ ಉಪಕರಣ ಮಾಡಿಕೊಟ್ಟ. ಇವರೆಲ್ಲರಿಗಿಂತ ಕಠಿಣ ಶಿಕ್ಷೆ ಆತನಿಗೆ. ಆದರೂ ವಾದ್ಯ ಸಾಯಲಿಲ್ಲ. ತೋಳಿನ ತೊಂದರೆಯಿಂದ ಪಿಟೀಲು ಬಿಟ್ಟ ಕ್ಲಾರಾ ರಾಕ್‌ಮೋರ್ ನ್ಯೂಯಾರ್ಕಿನಲ್ಲಿ ಅದನ್ನು ಸಾಧನೆಯ ವಾದ್ಯವಾಗಿ ಬೆಳೆಸಿದಳು, ಬೆರಳುಗಳಿಗೆ ತನ್ನದೇ ಕ್ರಮ ಕಂಡುಕೊಂಡಳು. ಮಾಡಿದವನು ಮರೆಯಾದಾಗಲೂ ನುಡಿಸುವವಳು ಇದ್ದಳು.

ಬೆಳಕಿನ ವಾದ್ಯಗಳಲ್ಲಿ ಬದುಕುಳಿದ ದೊಡ್ಡ ವಾದ್ಯವೊಂದೇ. ಸೇನೆಯ ಉಪಕರಣಗಳ ಎಂಜಿನಿಯರ್ ಯೆವ್ಗೆನಿ ಮುರ್ಜಿನ್ 1938ರಲ್ಲಿ ಯೋಚಿಸಿ, ಬಿಡುವಿನ ವೇಳೆಯಲ್ಲಿ ದುಡಿದು 1958ರ ಹೊತ್ತಿಗೆ ಕಟ್ಟಿದ ಯಂತ್ರ ಅದು. ಸಂಯೋಜಕ ಅಲೆಕ್ಸಾಂಡರ್ ನಿಕೊಲಾಯೆವಿಚ್ ಸ್ಕ್ರಿಯಾಬಿನ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ‘ಎಎನ್ಎಸ್’ ಎಂದು ಹೆಸರಿಟ್ಟ. 1960ರ ದಶಕದ ಎರಡನೇ ಆವೃತ್ತಿಯಲ್ಲಿ ಐದು ಗಾಜಿನ ಬಿಲ್ಲೆಗಳು ತಿರುಗುತ್ತ ಒಟ್ಟು 720 ಶುದ್ಧ ಸ್ವರಗಳನ್ನು ಬೆಳಕಾಗಿ ಕೊಡುತ್ತವೆ, ಸಪ್ತಕಕ್ಕೆ 72. ಸಂಯೋಜಕ ಕಪ್ಪು ಮೇಣದಂಥ ಲೇಪ ಹಚ್ಚಿದ ಗಾಜಿನ ಹಲಗೆಯ ಮೇಲೆ ಗೀರುತ್ತಾನೆ. ಗೀರಿದ ಕಡೆ ಬೆಳಕು ನುಸುಳಿ ಆ ಸ್ವರ ಕೇಳುತ್ತದೆ. ಲೇಪ ಒಣಗದ್ದರಿಂದ ಅಳಿಸಿ ಮತ್ತೆ ಗೀರಬಹುದು. ಅವ್ರಾಮೊವ್ ಬೇಡಿದ ಸೂಕ್ಷ್ಮ ಸ್ವರಗಳೂ ಯಾಂಕೊವ್‌ಸ್ಕಿ ಹೇಳಿದ ಶುದ್ಧ ಸ್ವರಗಳ ಕೂಟವೂ ಇಲ್ಲಿ ಒಂದೇ ಹಲಗೆಯ ಮೇಲೆ ಸಿಕ್ಕವು.

ಮಾಸ್ಕೋದ ಸ್ಕ್ರಿಯಾಬಿನ್ ವಸ್ತುಸಂಗ್ರಹಾಲಯದಲ್ಲಿ ಇದರ ಸುತ್ತ ಒಂದು ಸ್ಟುಡಿಯೊ ಬೆಳೆಯಿತು. ಷ್ನಿಟ್ಕೆ, ಗುಬೈದುಲಿನಾ, ಎಡಿಸನ್ ಡೆನಿಸೊವ್ ಅಲ್ಲಿ ಕೆಲಸ ಮಾಡಿದರು. ಎಡ್ವರ್ಡ್ ಅರ್ತೆಮ್ಯೆವ್ ಇದರಲ್ಲಿ ಕಟ್ಟಿದ ನಾದವನ್ನು ತಾರ್ಕೋವ್‌ಸ್ಕಿಯ 1972ರ ‘ಸೊಲಾರಿಸ್’ ಚಿತ್ರದಲ್ಲಿ ಇಂದಿಗೂ ಕೇಳಬಹುದು. ಮುರ್ಜಿನ್ 1970ರಲ್ಲಿ ತೀರಿಕೊಂಡ, ಮುಂದಿನ ದಶಕದಲ್ಲಿ ಸ್ಟುಡಿಯೊ ಮುಚ್ಚಿತು. ಅವ್ರಾಮೊವ್‌ನ ಫಿಲ್ಮುಗಳ ಗತಿಯೇ ಎಎನ್ಎಸ್‌ಗೂ ಒದಗಬೇಕಿತ್ತು. ಆದರೆ ಅದರ ಮೇಲೆ ಕೈ ಪಳಗಿಸಿಕೊಂಡಿದ್ದ ಸಂಯೋಜಕ ಸ್ಟಾನಿಸ್ಲಾವ್ ಕ್ರೆಯ್ಚಿ ಇದ್ದ. ಯಂತ್ರ ಮಾಸ್ಕೋ ವಿಶ್ವವಿದ್ಯಾಲಯದ ನೆಲಮಾಳಿಗೆಗೆ ಸ್ಥಳಾಂತರವಾಯಿತು. ಕ್ರೆಯ್ಚಿ ವರ್ಷಗಟ್ಟಲೆ ಅದನ್ನು ಕೆಡದಂತೆ ಕಾಯ್ದ, ಅದರಲ್ಲಿ ತನ್ನ ಸಂಗೀತ ಮಾಡಿದ, ಬಂದವರಿಗೆ ಗೀರಲು ಕಲಿಸಿದ. ಇಂದು ಎಎನ್ಎಸ್ ಮಾಸ್ಕೋದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.