ವಟ್ವಾದ ಕಾಲುವೆ ಮತ್ತು ಮಾಲಿನ್ಯದ ಅಳತೆ: ಒಂದು ಚಾರಿತ್ರಿಕ ಅವಲೋಕನ

ಗುಜರಾತಿನ ಚರಿತ್ರೆಯನ್ನು ಬಲ್ಲವರಿಗೆ ವಟ್ವಾ ಎಂದೊಡನೆ ನೆನಪಾಗುವುದು 15ನೆಯ ಶತಮಾನದ ಸೂಫಿ ಸಂತ ಕುತ್ಬ್-ಎ-ಆಲಮ್ ಅವರ ಗೋರಿ. ಅಹಮದಾಬಾದಿನ ಅಂಚಿನ ಈ ಊರಿನ ಹೆಸರು ಈಚಿನ ದಶಕಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿರುವುದು ನ್ಯಾಯಾಲಯದ ತೀರ್ಪುಗಳಲ್ಲಿ ಹಾಗೂ ಮಾಲಿನ್ಯ ನಿಯಂತ್ರಣ ಮಂಡಳಿಗಳ ಪಟ್ಟಿಗಳಲ್ಲಿ. ಇಲ್ಲಿಯ ನೀರು ಕೆಟ್ಟಿತೆಂಬುದು ವಿವಾದದ ವಿಷಯವಲ್ಲ. ಆ ಕೇಡನ್ನು ಎಲ್ಲಿ ನಿಂತು ಅಳೆದರು, ಅಳೆಯುವ ಸ್ಥಳ ಬದಲಾದಂತೆ ಕೇಡೂ ಹೇಗೆ ಸ್ಥಳಾಂತರಗೊಂಡಿತು ಎಂಬುದನ್ನು ಪರಿಶೀಲಿಸುವುದಷ್ಟೇ ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಈ ಕಥನದ ಕೇಂದ್ರದಲ್ಲಿರುವುದು ಖಾರಿಕಟ್ ಕಾಲುವೆ. ಖಾರಿ ನದಿಯ ಹೆಸರಿಗೆ ಇಂಗ್ಲಿಷಿನ ‘ಕಟ್’ ಸೇರಿ ಆದ ಮಿಶ್ರಪದವಿದು. ಕನ್ನಡದ ‘ಕಟ್ಟು’ ಎಂಬುದರೊಡನೆ ಇದನ್ನು ಜೋಡಿಸುವ ಆಸೆಯನ್ನು ಭಾಷಾಭ್ಯಾಸಿಗಳು ಬಿಡಬೇಕು. ಬ್ರಿಟಿಷರ ಆಳ್ವಿಕೆಯಲ್ಲಿ ನೀರಾವರಿಗಾಗಿಯೇ ತೋಡಿದ ಈ ಕಾಲುವೆ ಅಹಮದಾಬಾದಿನ ಪೂರ್ವಭಾಗವನ್ನು ಹಾಯ್ದು ಲಾಲಿ, ನವಾಗಾಮ್ ಮೊದಲಾದ ಹಳ್ಳಿಗಳ ಕಡೆಗೆ ಸಾಗುತ್ತದೆ. ಅದು ಭತ್ತದ ಸೀಮೆ. ನವಾಗಾಮ್‌ನಲ್ಲಿ ಭತ್ತದ ಸಂಶೋಧನಾ ಕೇಂದ್ರವೇ ಇದೆ.

1962ರಲ್ಲಿ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಮುಂದೆ ನರೋಡಾ, ಓಢವ್, ವಟ್ವಾಗಳಲ್ಲಿ ತಲೆಯೆತ್ತಿದ ಕೈಗಾರಿಕಾ ವಸಾಹತುಗಳು ಈ ಕಾಲುವೆಯ ಆಸುಪಾಸಿನಲ್ಲಿಯೇ ಬೆಳೆದವು. ವಟ್ವಾದಲ್ಲಿ ನೆಲೆಯೂರಿದ್ದು ಮುಖ್ಯವಾಗಿ ಬಣ್ಣ ಹಾಗೂ ಬಣ್ಣದ ಮಧ್ಯವರ್ತಿ ರಾಸಾಯನಿಕಗಳ ಸಣ್ಣ ಉದ್ದಿಮೆಗಳು. ಎಚ್-ಆಮ್ಲದಂತಹ ವಸ್ತುವಿನ ತಯಾರಿಕೆಯಲ್ಲಿ ಸಿದ್ಧವಸ್ತುವಿಗಿಂತ ಹಲವು ಪಟ್ಟು ತ್ಯಾಜ್ಯ ಹುಟ್ಟುತ್ತದೆ. ಗಾಢವರ್ಣದ ಆ ದ್ರವವನ್ನು ಸೂಕ್ಷ್ಮಜೀವಿಗಳೂ ಸುಲಭವಾಗಿ ಜೀರ್ಣಿಸಿಕೊಳ್ಳಲಾರವು. ನೀರಾವರಿಯ ಕಾಲುವೆ ಹೀಗೆ ಚರಂಡಿಯಾಯಿತು.

1974ರಲ್ಲಿ ಜಲಮಾಲಿನ್ಯ ನಿಯಂತ್ರಣ ಕಾಯಿದೆ ಬಂದಿತು. ಅದೇ ವರ್ಷ ಗುಜರಾತಿನ ಮಂಡಳಿಯೂ ರಚನೆಯಾಯಿತು. ಕಾಯಿದೆಯ ಅಳತೆಯ ಕ್ರಮವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡುವುದು ಅವಶ್ಯ. ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯದ್ರವದಲ್ಲಿ ರಾಸಾಯನಿಕ ಆಮ್ಲಜನಕದ ಬೇಡಿಕೆ ಲೀಟರಿಗೆ 250 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ಮಾನಕ. ಇದು ಸಾಂದ್ರತೆಯ ಮಿತಿಯೇ ಹೊರತು ಒಟ್ಟು ಹೊರೆಯ ಮಿತಿಯಲ್ಲ. ಮಾದರಿಯನ್ನು ಸಂಗ್ರಹಿಸುವುದು ಒಂದೊಂದು ಕಾರ್ಖಾನೆಯ ಬಾಗಿಲಿನಲ್ಲಿ. ನೂರಾರು ಸಣ್ಣ ಘಟಕಗಳು ಒಂದೇ ಕಾಲುವೆಗೆ ಬಿಟ್ಟಾಗ, ಪ್ರತಿಯೊಂದೂ ಮಿತಿಯೊಳಗಿದ್ದರೂ, ಬೇಸಗೆಯಲ್ಲಿ ಬೇರೆ ನೀರಿಲ್ಲದ ಆ ಕಾಲುವೆ ಹೊರುವ ಮೊತ್ತವೆಷ್ಟು ಎಂಬ ಪ್ರಶ್ನೆಗೆ ಈ ಕ್ರಮದಲ್ಲಿ ಉತ್ತರವಿಲ್ಲ. ವಾಸ್ತವದಲ್ಲಿ ಘಟಕಗಳು ಮಿತಿಯೊಳಗೂ ಇರಲಿಲ್ಲ. ಮೊತ್ತವನ್ನು ಕಂಡವರು ಕೆಳಗಿನ ಹಳ್ಳಿಗಳ ರೈತರು. ಗದ್ದೆಯಲ್ಲಿ, ಬಾವಿಯಲ್ಲಿ ನೀರಿನ ಬಣ್ಣ ತಿರುಗಿದ್ದೇ ಅವರ ಅಳತೆ.

ಆ ಅಳತೆಗೆ ಅಧಿಕೃತ ಮಾನ್ಯತೆ ದೊರೆತದ್ದು 1995ರ ಆಗಸ್ಟ್‌ನಲ್ಲಿ. ಪ್ರವೀಣಭಾಯಿ ಜಶಭಾಯಿ ಪಟೇಲ್ ಮತ್ತಿತರರು ರಾಜ್ಯ ಸರ್ಕಾರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಮುಖ್ಯ ನ್ಯಾಯಮೂರ್ತಿ ಬಿ. ಎನ್. ಕೃಪಾಲ್ ಅವರಿದ್ದ ಗುಜರಾತ್ ಉಚ್ಚ ನ್ಯಾಯಾಲಯದ ಪೀಠವು 756 ಘಟಕಗಳನ್ನು ಮುಚ್ಚಲು ಆದೇಶಿಸಿತು. ಒಂದು ವರ್ಷದ ವಹಿವಾಟಿನ ಶೇಕಡಾ 1ರಷ್ಟನ್ನು ಹಳ್ಳಿಗಳ ಹಿತಕ್ಕಾಗಿ ಠೇವಣಿಯಿಡಬೇಕೆಂದೂ ವಿಧಿಸಿತು. ಎಚ್-ಆಮ್ಲದಿಂದಲೇ ಕೆಟ್ಟ ರಾಜಸ್ಥಾನದ ಬಿಛಡಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಕೆಡಿಸಿದವನೇ ತೆರಬೇಕು’ ಎಂಬ ತತ್ತ್ವವನ್ನು ಎತ್ತಿಹಿಡಿದದ್ದು 1996ರ ಫೆಬ್ರವರಿಯಲ್ಲಿ. ಕಾನೂನಿನ ಚರ್ಚೆಗಳಲ್ಲಿ ಬಿಛಡಿಗೆ ದೊರೆತಿರುವ ಪ್ರಾಶಸ್ತ್ಯವು ಕೆಲವು ತಿಂಗಳು ಮೊದಲಿನ ಈ ತೀರ್ಪಿಗೆ ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ.

ತೀರ್ಪಿನ ನಂತರ ವಟ್ವಾದ ಉದ್ಯಮಿಗಳು ಸಹಕಾರ ಸಂಘದ ಮೂಲಕ ಸಾಮೂಹಿಕ ಶುದ್ಧೀಕರಣ ಘಟಕವನ್ನು ನಡೆಸತೊಡಗಿದರು. ಕೈಗಾರಿಕಾ ವಸಾಹತುಗಳ ಶುದ್ಧೀಕೃತ ದ್ರವವನ್ನು ಕಾಲುವೆಗೆ ಬಿಡದೆ ಸಾಬರಮತಿಗೆ ಒಯ್ಯುವ ದೊಡ್ಡ ಕೊಳವೆಮಾರ್ಗವೂ ಸಿದ್ಧವಾಯಿತು. ಅಳತೆಯ ಸ್ಥಳ ಈಗ ಕಾರ್ಖಾನೆಯ ಬಾಗಿಲಿನಿಂದ ಸಾಮೂಹಿಕ ಘಟಕಕ್ಕೆ, ಅಲ್ಲಿಂದ ಕೊಳವೆಯ ಬಾಯಿಗೆ ಸರಿಯಿತು. ಕಾಲುವೆಯ ರೈತರಿಗೆ ಇದರಿಂದ ಒಂದಿಷ್ಟು ನೆಮ್ಮದಿಯ ನಿರೀಕ್ಷೆ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕೊಳವೆ ಸೇರುವ ಜಾಗದಲ್ಲಿ, ವಾಸಣಾ ಬ್ಯಾರೇಜಿನ ಕೆಳಗೆ, ಮಳೆಗಾಲವೊಂದನ್ನುಳಿದು ಸಾಬರಮತಿಗೆ ತನ್ನದೆಂಬ ನೀರು ವಿರಳ.

2009ರ ಡಿಸೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 88 ಕೈಗಾರಿಕಾ ನೆಲೆಗಳ ಸಮಗ್ರ ಸೂಚ್ಯಂಕವನ್ನು ಪ್ರಕಟಿಸಿತು. 70ನ್ನು ಮೀರಿದವು ‘ತೀವ್ರ ಮಲಿನ’. ಅಂಕಲೇಶ್ವರಕ್ಕೆ 88.50, ವಟ್ವಾಕ್ಕೆ 74.77. ಕನ್ನಡನಾಡಿನ ಎರಡು ಹೆಸರುಗಳೂ ಆ ಗುಂಪಿನಲ್ಲಿದ್ದವು: ಮಂಗಳೂರು 73.68, ಭದ್ರಾವತಿ 72.33. ಗಾಳಿ, ನೀರು, ನೆಲ ಮೂರನ್ನೂ ಒಂದು ಅಂಕಿಯಲ್ಲಿ ಬೆಸೆಯುವ ಈ ವಿಧಾನ ಆಡಳಿತಕ್ಕೆ ಅನುಕೂಲ. ಕಡಲತಡಿಯ ಮಂಗಳೂರನ್ನೂ ಕಾಲುವೆಯ ವಟ್ವಾವನ್ನೂ ಹೆಚ್ಚುಕಡಮೆ ಸಮಾನವೆಂದು ತೋರಿಸುವುದರಿಂದ ಚರಿತ್ರಕಾರನಿಗೆ ಮಾತ್ರ ಅದರ ಪ್ರಯೋಜನ ಅಲ್ಪ.

2014ರಲ್ಲಿ ಹೆಚ್ಚು ಮಾಲಿನ್ಯಕಾರಕವಾದ 17 ವರ್ಗದ ಉದ್ಯಮಗಳು ಹಗಲಿರುಳೂ ತಾವಾಗಿಯೇ ಅಳೆಯುವ ಯಂತ್ರಗಳನ್ನು ಅಳವಡಿಸಬೇಕೆಂದು ಕೇಂದ್ರ ಮಂಡಳಿ ಸೂಚಿಸಿತು. ಯಂತ್ರ ನಿಲ್ಲುವುದು ಮತ್ತೆ ಬಾಗಿಲಿನಲ್ಲಿಯೇ. ನದಿಯ ಸ್ಥಿತಿಯನ್ನು ಗುಜರಾತ್ ಉಚ್ಚ ನ್ಯಾಯಾಲಯವು 2021ರಲ್ಲಿ ಸ್ವಯಂಪ್ರೇರಣೆಯಿಂದ ವಿಚಾರಣೆಗೆ ಎತ್ತಿಕೊಂಡು, ಜಂಟಿ ಕಾರ್ಯಪಡೆಯೊಂದನ್ನು ನೇಮಿಸಿತು. ಕೇಂದ್ರ ಮಂಡಳಿಯ 2022ರ ವರದಿಯಲ್ಲಿ ರಾಯಸಣದಿಂದ ವೌಠಾದವರೆಗಿನ ಸಾಬರಮತಿಯ ಜೈವಿಕ ಆಮ್ಲಜನಕದ ಬೇಡಿಕೆ ಲೀಟರಿಗೆ 292 ಮಿಲಿಗ್ರಾಂ. ಸ್ನಾನಯೋಗ್ಯ ನೀರಿಗೆ ಅದು 3 ಮಿಲಿಗ್ರಾಂ ಮೀರಬಾರದು. ಕಾರ್ತಿಕ ಹುಣ್ಣಿಮೆಯಂದು ಜನ ಮುಳುಗಿ ಏಳುವ ಸಪ್ತನದಿಗಳ ಸಂಗಮವೇ ಆ ವೌಠಾ. ಖಾರಿಯೂ ಆ ಏಳರಲ್ಲಿ ಒಂದು.

ಅದೇ ಮಂಡಳಿಯ 2018ರ ಮಲಿನ ನದಿಗಳ ಪಟ್ಟಿಯಲ್ಲಿ ಮೊದಲ ಆದ್ಯತೆಯ ವರ್ಗದೊಳಗೆ ಖಾರಿ ನದಿಯ ಹೆಸರಿದೆ. ಆ ನಮೂದಿನಲ್ಲಿ ಗುರುತಿಸಿರುವ ಸ್ಥಳ ಲಾಲಿ ಗ್ರಾಮ.