ಮನೆಯಲ್ಲೇ ಆಮ್ಲಜನಕ ಚಿಕಿತ್ಸೆ: ಗ್ರಾಮಾಂತರ ಜಿಲ್ಲೆಯ ಕುಟುಂಬಗಳು ಹಾಕಬೇಕಾದ ಗಂಟೆಗಳ ಲೆಕ್ಕ

ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ವೈದ್ಯರು ‘ಮನೆಯಲ್ಲೂ ಆಮ್ಲಜನಕ ಮುಂದುವರಿಸಿ’ ಎಂದು ಬರೆದುಕೊಟ್ಟರೆ ಹೆಚ್ಚಿನ ಕುಟುಂಬಗಳು ಮೊದಲು ವಿಚಾರಿಸುವುದು ಯಂತ್ರದ ಬೆಲೆಯನ್ನು. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಚಿಕಿತ್ಸೆಯ ಹಣೆಬರಹವನ್ನು ನಿರ್ಧರಿಸುವುದು ಬೆಲೆಗಿಂತ ಹೆಚ್ಚಾಗಿ ಗಂಟೆಗಳ ಲೆಕ್ಕ. ದಿನಕ್ಕೆ ಎಷ್ಟು ಗಂಟೆ ಆಮ್ಲಜನಕ ಬೇಕು, ವಿದ್ಯುತ್ ಕೈಕೊಟ್ಟರೆ ಬದಲಿ ವ್ಯವಸ್ಥೆ ಎಷ್ಟು ಗಂಟೆ ನಡೆಯುತ್ತದೆ, ಕೆಟ್ಟ ಯಂತ್ರ ಸರಿಪಡಿಸುವವರು ಎಷ್ಟು ಗಂಟೆಯಲ್ಲಿ ಮನೆ ತಲುಪುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ರೋಗಿಯನ್ನು ಮನೆಗೆ ಕರೆತರುವುದು ಕ್ಷೇಮವಲ್ಲ.

ಈ ಚಿಕಿತ್ಸೆಯ ಅಗತ್ಯ ಬೀಳುವುದು ಮುಖ್ಯವಾಗಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ರೋಗ, ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್, ಕ್ಷಯ ವಾಸಿಯಾದ ಮೇಲೂ ಉಳಿದ ಹಾನಿ, ಕೆಲವು ಹೃದ್ರೋಗಗಳು ಇರುವವರಿಗೆ. ಬೀಡಿ-ಸಿಗರೇಟು ಮಾತ್ರವೇ ಇದಕ್ಕೆ ಕಾರಣವಲ್ಲ. ಜೀವಮಾನವಿಡೀ ಸೌದೆ ಒಲೆಯ ಮುಂದೆ ಕುಳಿತ ಹೆಂಗಸರು, ವಿಜಯಪುರದಂಥ ಕಡೆ ಗೂಡು ಬೇಯಿಸಿ ರೇಷ್ಮೆ ಬಿಚ್ಚುವ ಕೆಲಸದಲ್ಲಿ ಹೊಗೆ-ಹಬೆ ಕುಡಿದವರು, ಕಲ್ಲು ಕ್ವಾರಿಯ ದೂಳಿನಲ್ಲಿ ದುಡಿದವರು ಬೀಡಿ ಮುಟ್ಟದೆಯೂ ಈ ಸ್ಥಿತಿಗೆ ಬರಬಹುದು.

ಯಾರಿಗೆ ಬೇಕು, ಯಾರಿಗೆ ಬೇಡ

ಏದುಸಿರು ಬಂದವರಿಗೆಲ್ಲ ಆಮ್ಲಜನಕ ಬೇಕಾಗುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಕುಸಿದವರಿಗೆ ಮಾತ್ರ ಅದು ಔಷಧ. ರೋಗಿ ವಿಶ್ರಾಂತಿಯಲ್ಲಿರುವಾಗ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 55 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಬೆರಳಿನ ಆಕ್ಸಿಮೀಟರಿನ ಅಂಕಿ ಶೇ. 88 ಅಥವಾ ಅದಕ್ಕಿಂತ ಕಡಿಮೆ ಇರುವುದು ಸಾಮಾನ್ಯ ಮಾನದಂಡ. ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದಿದ್ದರೆ ಒತ್ತಡ 59ರವರೆಗೆ ಇದ್ದರೂ ವೈದ್ಯರು ಬರೆಯುವುದುಂಟು. ಆಕ್ಸಿಮೀಟರ್ ಒಂದನ್ನೇ ನಂಬಬಾರದು. ತಣ್ಣಗಿನ ಬೆರಳು, ಉಗುರಿನ ಬಣ್ಣ, ಮದರಂಗಿ ಇವೆಲ್ಲ ಅದರ ಅಂಕಿಯನ್ನು ಕೆಡಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಎಚ್ಚರಿಸಿದೆ. ಆದ್ದರಿಂದ ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಮುನ್ನ ಅಪಧಮನಿಯ ರಕ್ತ ಪರೀಕ್ಷೆ ಒಮ್ಮೆಯಾದರೂ ಆಗಿರಬೇಕು. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರದ್ದೇ ಆದ ವಿಶೇಷ ಆಸ್ಪತ್ರೆ.

ಗಂಟೆಗಳ ಲೆಕ್ಕ ಹುಟ್ಟಿದ್ದು ಎರಡು ಹಳೆಯ ಪ್ರಯೋಗಗಳಿಂದ. 1981ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಲ್ಲಿ ದಿನಕ್ಕೆ 15 ಗಂಟೆ ಆಮ್ಲಜನಕ ಪಡೆದ 42 ರೋಗಿಗಳ ಪೈಕಿ ಐದು ವರ್ಷಗಳಲ್ಲಿ 19 ಮಂದಿ ತೀರಿಕೊಂಡರೆ, ಪಡೆಯದ 45 ಮಂದಿಯಲ್ಲಿ 30 ಮಂದಿ ತೀರಿಕೊಂಡರು. 1980ರ ಅಮೆರಿಕದ ಪ್ರಯೋಗದಲ್ಲಿ ರಾತ್ರಿ ಮಾತ್ರ ಪಡೆದವರಿಗಿಂತ ಹಗಲೂ ರಾತ್ರಿ ಪಡೆದವರು ಹೆಚ್ಚು ಕಾಲ ಬದುಕಿದರು. ಹೀಗಾಗಿ ಉಸಿರು ಕಟ್ಟಿದಾಗ ಮಾತ್ರ ಹತ್ತು ನಿಮಿಷ ಮೂಗಿಗೆ ಕೊಳವೆ ಸಿಕ್ಕಿಸಿಕೊಳ್ಳುವುದರಿಂದ ಈ ಲಾಭ ದೊರೆಯದು. ನಿದ್ದೆಯ ಅವಧಿ ಸೇರಿ ಕನಿಷ್ಠ 15 ಗಂಟೆ ಬೇಕು. ಇದರ ಮತ್ತೊಂದು ಮಗ್ಗುಲೂ ಇದೆ. ಆಮ್ಲಜನಕ ಅಲ್ಪಮಟ್ಟಿಗೆ ಮಾತ್ರ ಇಳಿದಿದ್ದ 738 ಸಿಒಪಿಡಿ ರೋಗಿಗಳ ಮೇಲಿನ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು; ಅಂಥವರಿಗೆ ಈ ಚಿಕಿತ್ಸೆಯಿಂದ ಆಯುಷ್ಯವೂ ಹೆಚ್ಚಲಿಲ್ಲ, ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ. ಸಾಲ ಮಾಡಿ ಯಂತ್ರ ತರುವ ಮುನ್ನ ‘ನಿಜವಾಗಿ ಬೇಕೇ?’ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಚೀಟಿಯಲ್ಲಿ ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ, ನಿದ್ದೆಯಲ್ಲಿ ಎಷ್ಟು, ನಡೆಯುವಾಗ ಎಷ್ಟು, ಆಕ್ಸಿಮೀಟರಿನ ಅಂಕಿ ಎಷ್ಟರಿಂದ ಎಷ್ಟರವರೆಗೆ ಇರಬೇಕು ಎಂಬುದೆಲ್ಲ ಬರೆದಿರಬೇಕು. ಇಂಗಾಲಾಮ್ಲವನ್ನು ಹೊರಹಾಕಲಾಗದ ಸಿಒಪಿಡಿ ರೋಗಿಗಳಿಗೆ ಸಾಮಾನ್ಯವಾಗಿ ಶೇ. 88ರಿಂದ 92 ಸಾಕು. ರೋಗಿಯ ಸಂಕಟ ನೋಡಲಾರದೆ ಮನೆಯವರು ಗುಂಡಿ ತಿರುಗಿಸಿ ಹರಿವು ಹೆಚ್ಚಿಸಿದರೆ ಇಂಗಾಲಾಮ್ಲ ರಕ್ತದಲ್ಲಿ ಏರಿ ಮಂಪರು ಕವಿಯಬಹುದು. ಬೆಳಿಗ್ಗೆ ತಲೆನೋವು, ಹಗಲಿನಲ್ಲಿ ವಿಪರೀತ ತೂಕಡಿಕೆ, ಮಾತಿನಲ್ಲಿ ಗೊಂದಲ ಅದರ ಸೂಚನೆಗಳು. ಪ್ರೀತಿಯಿಂದ ಮಾಡುವ ಈ ತಪ್ಪಿನ ಬಗ್ಗೆ ಬಿಡುಗಡೆಯ ದಿನವೇ ಕೇಳಿ ತಿಳಿದುಕೊಳ್ಳಬೇಕು.

ಯಂತ್ರವೋ ಸಿಲಿಂಡರೋ

ಸಾಂದ್ರಕ ಅಥವಾ ಕಾನ್ಸಂಟ್ರೇಟರ್ ಎಂಬ ಯಂತ್ರ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಜಿಯೋಲೈಟ್ ಹರಳುಗಳ ಮೂಲಕ ಸಾರಜನಕವನ್ನು ಸೋಸಿ, ಶೇ. 90ಕ್ಕೂ ಮೇಲ್ಪಟ್ಟ ಆಮ್ಲಜನಕವನ್ನು ಕೊಡುತ್ತದೆ. ಮರುಭರ್ತಿಯ ರಗಳೆಯಿಲ್ಲ, ವಿದ್ಯುತ್ ಮಾತ್ರ ಇರಬೇಕು. ಕೊಳ್ಳುವಾಗ ನೋಡಬೇಕಾದದ್ದು ಪೂರ್ಣ ಹರಿವಿನಲ್ಲಿ ಶುದ್ಧತೆ ಎಷ್ಟೆಂಬುದನ್ನು. ಒಂದು ಲೀಟರಿಗೆ ಶೇ. 90 ಕೊಟ್ಟು, ಹರಿವು ಹೆಚ್ಚಿಸಿದಂತೆ ಶೇ. 40ಕ್ಕೂ ಕೆಳಗಿಳಿಯುವ ಅಗ್ಗದ ಯಂತ್ರಗಳು ಎರಡನೇ ಅಲೆಯ ಕಾಲದಲ್ಲಿ ಪೇಟೆಗೆ ಬಂದಿದ್ದವು. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಮೃತಪಟ್ಟ ಮೇಲೆ ರಾಜ್ಯದಲ್ಲಿ ಆವರಿಸಿದ ಭೀತಿಯಲ್ಲಿ ಯಂತ್ರದ ಗುಣ ಪರೀಕ್ಷಿಸುವ ವ್ಯವಧಾನ ಯಾರಿಗಿತ್ತು! ಆಗ ಕೊಂಡು ಈಗ ಅಟ್ಟ ಸೇರಿರುವ ಯಂತ್ರವನ್ನು ಬಂಧುಗಳು ಉದಾರವಾಗಿ ಕೊಟ್ಟರೂ ನೇರವಾಗಿ ರೋಗಿಗೆ ಹಾಕಬಾರದು. ವರ್ಷಗಟ್ಟಲೆ ಓಡದೆ ಕುಳಿತ ಯಂತ್ರದ ಹರಳುಗಳು ತೇವ ಹೀರಿ ಬಲ ಕಳೆದುಕೊಂಡಿರುತ್ತವೆ. ಸದ್ದು ಮಾಡುತ್ತದೆ, ಗಾಳಿಯೂ ಬರುತ್ತದೆ, ಆಮ್ಲಜನಕ ಮಾತ್ರ ಸಾಲದು. ಶುದ್ಧತೆ ಅಳೆಯುವ ಮಾಪಕದಿಂದ ಪರೀಕ್ಷಿಸಿದ ಮೇಲೆಯೇ ಬಳಸಬೇಕು.

ಐದು ಲೀಟರಿನ ಯಂತ್ರ ಸುಮಾರು 350 ವ್ಯಾಟ್ ವಿದ್ಯುತ್ ಎಳೆಯುತ್ತದೆಂದು ಹಿಡಿದರೆ ದಿನಕ್ಕೆ 15 ಗಂಟೆಯಂತೆ ತಿಂಗಳಿಗೆ ಸುಮಾರು 157 ಯೂನಿಟ್ ಆಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಗೃಹಜ್ಯೋತಿ ಯೋಜನೆಯ ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. 2023ರಲ್ಲಿ ಯೋಜನೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಆಯಾ ಮನೆಯ ಮಿತಿ ನಿಗದಿಯಾಯಿತು. ಸರಾಸರಿ 60 ಯೂನಿಟ್ ಉರಿಸುತ್ತಿದ್ದ ಮನೆಗೆ ಸಿಗುವುದು 66. ಯಂತ್ರ ಬಂದ ತಿಂಗಳು ಬಳಕೆ 217ಕ್ಕೆ ಏರಿದರೆ 200ರ ಗೆರೆ ದಾಟಿದ್ದಕ್ಕೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ‘ಕರೆಂಟು ಹೇಗೂ ಬಿಟ್ಟಿ’ ಎಂದು ನೆಚ್ಚಿಕೊಂಡು, ಬಿಲ್ಲು ಕಂಡು ಗಾಬರಿಯಾಗಿ ಚಿಕಿತ್ಸೆಯ ಗಂಟೆಗಳನ್ನೇ ಕಡಿತಗೊಳಿಸುವುದಕ್ಕಿಂತ ಈ ಖರ್ಚನ್ನು ಮೊದಲೇ ಔಷಧದ ಲೆಕ್ಕಕ್ಕೆ ಬರೆದುಕೊಳ್ಳುವುದು ಒಳಿತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಗೆ ಸಂಬಂಧಿಸಿದ್ದು. ಮನೆಯ ಯಂತ್ರಕ್ಕೆ ಅದನ್ನು ನಂಬಿ ಕೂರಲಾಗದು.

ಕರೆಂಟು ಹೋದರೆ? 150 ಆಂಪಿಯರ್ ಅವರ್‌ನ ಒಂದು ಹೊಸ ಬ್ಯಾಟರಿಯ ಮೇಲೆ ಈ ಯಂತ್ರ ಮೂರರಿಂದ ನಾಲ್ಕು ಗಂಟೆ ಓಡೀತು. ಫ್ಯಾನು, ದೀಪ ಸೇರಿದರೆ ಇನ್ನೂ ಕಡಿಮೆ. ಯಂತ್ರದಲ್ಲಿ ಮೋಟಾರು ಇರುವುದರಿಂದ ಸೈನ್‌ವೇವ್ ಇನ್ವರ್ಟರೇ ಆಗಬೇಕು. ನಿರಂತರ ಜ್ಯೋತಿ ಯೋಜನೆಯಿಂದ ಊರೊಳಗಿನ ಮನೆಗಳ ವಿದ್ಯುತ್ ಮಾರ್ಗ ಪಂಪ್‌ಸೆಟ್ಟಿನ ಮಾರ್ಗದಿಂದ ಬೇರೆಯಾಗಿದ್ದರೂ, ಪಂಪ್‌ಸೆಟ್ ಮಾರ್ಗದಲ್ಲೇ ಉಳಿದ ತೋಟದ ಮನೆಗಳಲ್ಲಿ ವಿದ್ಯುತ್ತಿನ ಅವಧಿಯೂ ಒತ್ತಡವೂ ಯಂತ್ರಕ್ಕೆ ಸಾಲದೆ ಹೋಗಬಹುದು. ಅಂಥ ಕಡೆ ರೋಗಿಯನ್ನು ಊರೊಳಗಿನ ಬಂಧುಗಳ ಮನೆಯಲ್ಲಿ ಇರಿಸಿಕೊಳ್ಳುವುದೇ ಎಷ್ಟೋ ಸಲ ಸರಿಯಾದ ಏರ್ಪಾಡು. ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡುವುದರ ಜತೆಗೆ, ಮನೆಯಲ್ಲಿ ಇಂಥ ರೋಗಿ ಇರುವ ಸಂಗತಿಯನ್ನು ಊರಿನ ಲೈನ್‌ಮನ್‌ಗೆ ಮುಂಚಿತವಾಗಿ ತಿಳಿಸಿಡುವುದು ಒಳ್ಳೆಯದು.

ಏನೇ ಇದ್ದರೂ ಯಂತ್ರವಿರುವ ಮನೆಯಲ್ಲಿ ತುಂಬಿದ ಸಿಲಿಂಡರ್ ಒಂದು ಇರಲೇಬೇಕು. ಸಾಮಾನ್ಯವಾಗಿ ಸಿಗುವ ‘ಬಿ’ ಮಾದರಿಯದರಲ್ಲಿ ಸುಮಾರು 1500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಬಿಟ್ಟರೆ ಹನ್ನೆರಡೂವರೆ ಗಂಟೆ, ನಾಲ್ಕು ಲೀಟರಾದರೆ ಆರು ಗಂಟೆ ಚಿಲ್ಲರೆ. ಆಳೆತ್ತರದ ‘ಡಿ’ ಮಾದರಿಯಲ್ಲಿ ಸುಮಾರು 7000 ಲೀಟರ್. ಎರಡು ಲೀಟರಿನ ಹರಿವಿಗೆ ಎರಡು ದಿನ ದಾಟುತ್ತದೆ. ಕೈಗಾರಿಕೆಗಳಿಗೆ, ವೆಲ್ಡಿಂಗ್ ಅಂಗಡಿಗಳಿಗೆ ಬರುವ ಸಿಲಿಂಡರನ್ನು ರೋಗಿಗೆ ಬಳಸುವಂತಿಲ್ಲ. ವೈದ್ಯಕೀಯ ಆಮ್ಲಜನಕ ಕಾನೂನಿನ ಪ್ರಕಾರ ಔಷಧ; ಪರವಾನಗಿ ಪಡೆದ ಮಾರಾಟಗಾರರಿಂದಲೇ ರಸೀದಿ ಸಹಿತ ಪಡೆಯಬೇಕು.

ಬಾಡಿಗೆಗೆ ತರುವವರು ಮಾಸಿಕ ದರದ ಚೌಕಾಸಿಗಿಂತ ಹೆಚ್ಚಿನ ಶ್ರಮವನ್ನು ಒಂದು ಪ್ರಶ್ನೆಗೆ ಮೀಸಲಿಡಬೇಕು: ರಾತ್ರಿ ಎರಡು ಗಂಟೆಗೆ ಯಂತ್ರ ನಿಂತರೆ ಯಾರು ಬರುತ್ತಾರೆ? ನಗರದಲ್ಲಿ ಮಳಿಗೆಯಿಟ್ಟವರ ಮಾತು ಯಲಹಂಕದವರೆಗೆ ನಡೆದು ಸಾಸಲು ಹೋಬಳಿಯ ಹಳ್ಳಿಗೆ ಬರುವಷ್ಟರಲ್ಲಿ ಕರಗಬಹುದು. ಊರಿನ ಹೆಸರು, ಬರುವ ಅವಧಿ, ಬದಲಿ ಯಂತ್ರದ ಭರವಸೆ ಇವು ಕರಾರಿನಲ್ಲಿ ಬರಹದಲ್ಲಿರಬೇಕು.

ಬೆಂಕಿಯ ಭಯ

ಆಮ್ಲಜನಕ ತಾನಾಗಿ ಉರಿಯದು, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ದೇವರ ದೀಪ, ಊದುಬತ್ತಿ, ಒಲೆ, ಗ್ಯಾಸ್ ಸ್ಟೌ ಇವು ಹತ್ತು ಅಡಿ ದೂರದಲ್ಲಿರಬೇಕು. ಒಂದೇ ಕೋಣೆಯ ಮನೆಯಾದರೆ ಅಡುಗೆಯನ್ನು ಹೊರಗೆ ಸಾಗಿಸುವುದೇ ದಾರಿ. ಬೀಡಿ ಬಿಡದ ರೋಗಿಯ ಮುಖವೇ ಹೊತ್ತಿಕೊಂಡ ಪ್ರಕರಣಗಳು ವೈದ್ಯಲೋಕಕ್ಕೆ ಹೊಸತಲ್ಲ. ಒಣಗಿದ ಮೂಗಿಗೆ ವ್ಯಾಸಲೀನ್, ಕೊಬ್ಬರಿ ಎಣ್ಣೆ ಸವರಬಾರದು. ಎಣ್ಣೆಯ ಕೈಯಲ್ಲಿ ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಬಾರದು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಗೋಡೆಗೆ ಬಿಗಿಯಬೇಕು. ತೇವಕಾರಕ ಬಾಟಲಿಗೆ ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರನ್ನು ದಿನವೂ ಬದಲಿಸಬೇಕು. ಯಂತ್ರದ ಹೊರ ಜಾಲರಿಯನ್ನು ವಾರಕ್ಕೊಮ್ಮೆ ತೊಳೆದು ಒಣಗಿಸಬೇಕು.

ಪ್ರಯಾಣ ಹೊರಟಾಗ

ಆಮ್ಲಜನಕ ಹಿಡಿದವರು ಮನೆ ಬಿಡಬಾರದೆಂಬ ಭಾವನೆ ತಪ್ಪು. ಕಾರಿನಲ್ಲಿ ಹೋಗುವುದಾದರೆ ಸಿಲಿಂಡರನ್ನು ಉರುಳದಂತೆ ಕಟ್ಟಿ, ಕಿಟಕಿ ಸ್ವಲ್ಪ ತೆರೆದಿಟ್ಟು, ಒಳಗೆ ಯಾರೂ ಧೂಮಪಾನ ಮಾಡದಂತೆ ನೋಡಿಕೊಂಡರೆ ಸಾಕು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಡಬಾರದು. ಸಂಚಾರ ದಟ್ಟಣೆಗೆಂದು ಅಂದಾಜಿನ ಅರ್ಧದಷ್ಟು ಹೆಚ್ಚಿಗೆ ಆಮ್ಲಜನಕ ಒಯ್ಯಬೇಕು. ರೈಲಿನಲ್ಲಿ ರೋಗಿಗಳು ವೈದ್ಯರ ಪ್ರಮಾಣಪತ್ರದೊಂದಿಗೆ ಸಿಲಿಂಡರ್ ಒಯ್ಯಲು ಅವಕಾಶವಿದೆ. ತಿರುಮಲೆಯ ಎತ್ತರ ಬೆಂಗಳೂರಿಗಿಂತ ಹೆಚ್ಚೇನೂ ಅಲ್ಲದ ಕಾರಣ, ಮೆಟ್ಟಿಲು ಹತ್ತದೆ ವಾಹನದಲ್ಲಿ ಹೋಗುವವರಿಗೆ ಎತ್ತರದ ತೊಡಕಿಲ್ಲ. ಮೂರು ಸಾವಿರ ಮೀಟರ್ ಮೀರಿದ ಕೇದಾರ-ಬದರಿಯ ಮಾತೇ ಬೇರೆ. ಅದನ್ನು ಕೈಬಿಡುವುದೇ ಲೇಸು.

ವಿಮಾನ ನಿಲ್ದಾಣ ದೇವನಹಳ್ಳಿ ತಾಲ್ಲೂಕಿನಲ್ಲೇ ಇದ್ದರೂ ಅಲ್ಲಿಗೆ ಸಿದ್ಧತೆ ಹೆಚ್ಚು ಬೇಕು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 8000 ಅಡಿ, ಅಂದರೆ 2400 ಮೀಟರ್ ಎತ್ತರದ ಮಟ್ಟಕ್ಕೆ ಇಳಿಯಬಹುದು. 1478 ಮೀಟರಿನ ನಂದಿಬೆಟ್ಟದ ತುದಿಗಿಂತ ಇನ್ನೂ ಸುಮಾರು ಸಾವಿರ ಮೀಟರ್ ಮೇಲೆ ಕುಳಿತಂತೆ ಅದು. ಮನೆಯಲ್ಲಿ ಆಮ್ಲಜನಕ ಬೇಡವಾದ ರೋಗಿಗೂ ಅಲ್ಲಿ ಬೇಕಾದೀತು. ಎರಡು ಲೀಟರ್ ಸಾಕಾಗುತ್ತಿದ್ದವರಿಗೆ ಸಾಲದೆ ಹೋದೀತು. ಪ್ರಮಾಣವನ್ನು ವೈದ್ಯರಿಂದ ಮರುನಿಗದಿ ಮಾಡಿಸಿಕೊಳ್ಳಬೇಕು.

ಸ್ವಂತ ಸಿಲಿಂಡರನ್ನು ವಿಮಾನಯಾನ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಾನ್ಯತೆ ಪಡೆದ, ಕೈಯಲ್ಲಿ ಒಯ್ಯಬಹುದಾದ ಪುಟ್ಟ ಕಾನ್ಸಂಟ್ರೇಟರನ್ನು ಒಪ್ಪುತ್ತವೆ. ಕೆಲವು ಸಂಸ್ಥೆಗಳು ಶುಲ್ಕ ಪಡೆದು ತಾವೇ ಆಮ್ಲಜನಕ ಒದಗಿಸುತ್ತವೆ. ಎರಡಕ್ಕೂ ‘ಮೆಡಿಫ್’ ಎಂಬ ವೈದ್ಯಕೀಯ ನಮೂನೆಯನ್ನು ಭರ್ತಿ ಮಾಡಿ ಕೆಲವು ದಿನ ಮುಂಚಿತವಾಗಿ ಸಲ್ಲಿಸಬೇಕು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಸಂಸ್ಥೆಯ ನಿಯಮ ವಿಚಾರಿಸುವುದು ಜಾಣತನ. ಬ್ಯಾಟರಿ ಹಾರಾಟದ ಅವಧಿಯ ಒಂದೂವರೆ ಪಟ್ಟು ಬರಬೇಕೆಂಬುದು ರೂಢಿಯ ನಿಯಮ: ಮೂರು ಗಂಟೆಯ ದೆಹಲಿ ಹಾರಾಟಕ್ಕೆ ನಾಲ್ಕೂವರೆ ಗಂಟೆ, ವಿದೇಶದ ಮಕ್ಕಳ ಮನೆಗೆ ಹತ್ತು ಗಂಟೆ ಹಾರುವವರಿಗೆ ಹದಿನೈದು ಗಂಟೆ. ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಸರಕಿನಲ್ಲಿ ಹಾಕುವಂತಿಲ್ಲ. ಸಂಸ್ಥೆ ಕೊಡುವ ಆಮ್ಲಜನಕ ವಿಮಾನದೊಳಗೆ ಮಾತ್ರ. ತಪಾಸಣೆಯ ಸಾಲಿನಲ್ಲಿ, ನಡುವೆ ವಿಮಾನ ಬದಲಿಸುವಲ್ಲಿ, ಇಳಿದ ಊರಿನಲ್ಲಿ ಏನೆಂಬುದನ್ನು ಮನೆಯವರೇ ಗೊತ್ತುಮಾಡಿಕೊಳ್ಳಬೇಕು.

ಪುಟ್ಟ ಯಂತ್ರಗಳ ಬಗ್ಗೆ ಒಂದು ಎಚ್ಚರಿಕೆ. ಹೆಚ್ಚಿನವು ಉಸಿರು ಎಳೆದಾಗ ಮಾತ್ರ ಒಂದೊಂದು ಗುಟುಕು ಬಿಡುತ್ತವೆ. ಅವುಗಳ ಮೇಲಿನ ‘2’ ಎಂಬ ಅಂಕಿ ನಿಮಿಷಕ್ಕೆ ಎರಡು ಲೀಟರ್ ಎಂದರ್ಥವಲ್ಲ. ನಿದ್ದೆಯಲ್ಲಿ, ಬಾಯಿಯಿಂದ ಉಸಿರಾಡುವವರಲ್ಲಿ ಆ ಗುಟುಕು ತಪ್ಪಿಹೋಗಬಹುದು. ಕೊಳ್ಳುವ ಮುನ್ನ ರೋಗಿಗೆ ತೊಡಿಸಿ, ಕುಳಿತಾಗಲೂ ನಡೆದಾಗಲೂ ಆಕ್ಸಿಮೀಟರಿನಲ್ಲಿ ನೋಡಬೇಕು.

ನ್ಯುಮೋನಿಯಾದಂಥ ಕಾಯಿಲೆಯ ನಂತರ ಆಮ್ಲಜನಕದೊಂದಿಗೆ ಮನೆಗೆ ಬಂದವರನ್ನು ಎರಡು-ಮೂರು ತಿಂಗಳಲ್ಲಿ ಮತ್ತೆ ಪರೀಕ್ಷಿಸಬೇಕು. ಹಲವರಿಗೆ ಅಷ್ಟರಲ್ಲಿ ಅದರ ಅಗತ್ಯ ತೀರಿರುತ್ತದೆ. ಆದರೂ ಹೇಳುವವರಿಲ್ಲದೆ ಯಂತ್ರ ಓಡುತ್ತಲೇ ಇರುತ್ತದೆ, ಬಾಡಿಗೆಯೂ ಏರುತ್ತಲೇ ಇರುತ್ತದೆ. ಬಿಡುಗಡೆಯ ಚೀಟಿಯಲ್ಲಿ ಮರುಪರೀಕ್ಷೆಯ ದಿನಾಂಕವನ್ನೂ ಬರೆಸಿಕೊಂಡು ಬರಬೇಕು.