ಅಚ್ಚುಮೊಳೆಯಿಂದ ವೈಫೈವರೆಗೆ

ಡಿವಿಜಿ ಹುಟ್ಟಿದ ಮುಳಬಾಗಿಲಿನಲ್ಲೇ ನಾನು ಅಚ್ಚುಮೊಳೆ ಜೋಡಿಸಲು ಕಲಿತದ್ದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಬಿಲ್ ಪುಸ್ತಕ. ಕೆಟ್ಟದ್ದು ಆಗ ಕಣ್ಣಿಗೆ ಕಾಣುತ್ತಿತ್ತು: ಸವೆದ ಮೊಳೆ, ಒಣಗಿದ ಮಸಿ, ಸೀಳಿದ ರೋಲರು. ಒತ್ತಕ್ಷರದ ಒಂದು ಮೊಳೆ ಕಳೆದರೆ ಅರ್ಧ ದಿನ ನೆಲ ಗುಡಿಸಿ ಹುಡುಕುತ್ತಿದ್ದೆವು.

2000ದ ಆಚೀಚೆ ಭೂಮಿ ಯೋಜನೆ ಬಂತು. ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ಪಹಣಿಯನ್ನು ತಾಲ್ಲೂಕು ಕಚೇರಿಯ ಪ್ರಿಂಟರು 15 ರೂಪಾಯಿಗೆ ಕೊಡತೊಡಗಿತು. ನಮ್ಮ ರೈತರಿಗೆ ಪ್ರಿಂಟರಿನ ಪರಿಚಯ ಮಾಡಿಸಿದ್ದು ಅದೇ ಎಂದು ನನ್ನ ನಂಬಿಕೆ. ನಾನೂ ಮೊಳೆ ಬಿಟ್ಟು ನುಡಿ ತಂತ್ರಾಂಶಕ್ಕೆ, ಡಿಟಿಪಿಗೆ ಬಂದೆ.

ಈಗ ಪ್ರಿಂಟರು ಸರಿಮಾಡಲು ಮನೆಮನೆಗೆ ಹೋಗುತ್ತೇನೆ. ಮೊನ್ನೆ ಮಾಲೂರಿನಲ್ಲಿ ಒಬ್ಬ ಟೀಚರಮ್ಮ, "ಅಣ್ಣಾ, ಹೊಸ ರೂಟರ್ ಹಾಕಿದ ಮೇಲೆ ಪ್ರಿಂಟರು ಸಿಗ್ತಾನೇ ಇಲ್ಲ" ಎಂದರು. ಪ್ರಿಂಟರು ಇನ್ನೂ ಹಳೆಯ ವೈಫೈ ಹೆಸರನ್ನೇ ಹುಡುಕುತ್ತಿತ್ತು. ಮೇಲಾಗಿ ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ರೂಟರಿನಲ್ಲಿ 5 ಮಾತ್ರ ಚಾಲೂ ಇತ್ತು. 2.4 ಆನ್ ಮಾಡಿದೆ. ಪ್ರಿಂಟರಿನ ವೈಫೈ ಗುಂಡಿಯನ್ನು ದೀಪ ಮಿಣುಕುವವರೆಗೆ ಒತ್ತಿ ಹಿಡಿದೆ, ಎರಡು ನಿಮಿಷದೊಳಗೆ ರೂಟರಿನ ಡಬ್ಲ್ಯೂಪಿಎಸ್ ಗುಂಡಿ ಒತ್ತಿದೆ. ದೀಪ ಮಿಣುಕುವುದು ನಿಂತಿತು. ಆದರೂ ಲ್ಯಾಪ್‌ಟಾಪ್ ಹಳೆಯ ಐಪಿ ವಿಳಾಸಕ್ಕೇ ಕಾಗದ ಕಳಿಸುತ್ತಿತ್ತು. ಅದರಲ್ಲಿ ಪ್ರಿಂಟರನ್ನು ಅಳಿಸಿ ಮತ್ತೆ ಸೇರಿಸಿದೆ, ಮುಂದೆ ಬದಲಾಗದಂತೆ ರೂಟರಿನಲ್ಲಿ ವಿಳಾಸ ಕಾಯ್ದಿರಿಸಿದೆ.

ಮೊದಲು ಬಂದದ್ದು ಏಳನೇ ತರಗತಿಯ ಕನ್ನಡ ಪ್ರಶ್ನೆಪತ್ರಿಕೆ. ಹಳೆಯ ಅಭ್ಯಾಸ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿಯೇ ಅವರ ಕೈಗೆ ಕೊಟ್ಟೆ.